ತೂತಿಗೆ ತೇಪೆ ಅಲ್ಲ, ತೇಪೆಯೇ ತೂತು

ಕೌದಿಯ ಮೇಲೆ ಹೊಲಿಯುವ 4ರ ಅಂಕಿಯ ಹೊಟ್ಟೆಯೊಳಗಿನ ತೂತು ನನ್ನ ಹನ್ನೊಂದು ಸಂಜೆ ತಿಂದಿತು. ನಿನ್ನೆ ರಾತ್ರಿ ಒಂದೂವರೆಗೆ ಅದು ಕೊನೆಗೂ ಸರಿಹೋಯಿತು. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಚೆನ್ನಾಗಿದೆ, ಲೈಟ್ ಆರಿಸು" ಅಂದಳು. ಅದಕ್ಕೇ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಹೊಸಬರಿಗೆ ಒಂದು ಮಾತು. ನಾನು ಹೊಲಿಯುತ್ತಿರುವುದು ಶಿಕಾಗೋ ಬೇರ್ಸ್ ಕೌದಿ. ತಂಡ ತನ್ನ ದೊಡ್ಡ ಆಟಗಾರರ ಗೌರವಕ್ಕೆ, ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಎತ್ತಿಟ್ಟ ಜೆರ್ಸಿ ನಂಬರ್‌ಗಳು, ಒಂದೊಂದಕ್ಕೆ ಒಂದು ಚೌಕ. ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್‌ನಲ್ಲಿ ಇಷ್ಟೊಂದು ನಂಬರ್ ಎತ್ತಿಟ್ಟ ತಂಡ ಇನ್ನೊಂದಿಲ್ಲ. 3, 5, 7, 28, 34, 40, 41, 42, 51, 56, 61, 66, 77, 89. ಒಟ್ಟು 14. ಈಗ 0ಯಿಂದ 99ರವರೆಗೆ ನೂರು ನಂಬರ್ ಇವೆ. ಇವನ್ನು ಕಳೆದರೆ ಉಳಿಯುವುದು 86. ಬೇಸಿಗೆ ಕ್ಯಾಂಪಿಗೆ ಬರುವವರು 90ರ ತನಕ. ಹಾಗಾಗಿ ಒಂದೇ ನಂಬರನ್ನು ಇಬ್ಬರು ಹಂಚಿಕೊಳ್ಳಬೇಕು, ಹಾಸ್ಟೆಲ್ ಬಕೆಟ್ ಥರ. 2013ರ ಡಿಸೆಂಬರಿನಲ್ಲಿ ಮೈಕ್ ಡಿಟ್ಕಾ ಅವರ 89 ಎತ್ತಿಟ್ಟಾಗ ಇದೇ ಕೊನೆ ಅಂತ ತಂಡ ಹೇಳಿದ್ದು ಸುಮ್ನೆ ಅಲ್ಲ. ನನಗಂತೂ ಒಳ್ಳೆಯದೇ ಆಯಿತು. ಗಂಟು ಹಾಕಿ ದಾರ ಕತ್ತರಿಸಿದ ಮೇಲೆ ಹದಿನೈದನೆಯವರು ಬಾಗಿಲು ಬಡಿಯುವುದಿಲ್ಲ.

ಬಟ್ಟೆ ತೊಳೆದದ್ದು, ಚೌಕ ಕತ್ತರಿಸಿದ್ದು ಎಲ್ಲ ಬಿಡಿ.

ಬೇರ್ಸ್ ಅಂಕಿಗಳಿಗೆ ಚೂಪು ಮೂಲೆ ಇಲ್ಲ. ಎಲ್ಲ ದುಂಡು, ಸವೆದ ಸೋಪಿನ ಹಾಗೆ. ಕಡುನೀಲಿಯ ಮೇಲೆ ಬಿಳಿ ಅಂಕಿ, ಸುತ್ತ ಕಿತ್ತಳೆ ಗೆರೆ. 3, 5, 7, 51, 77 ಒಂದೇ ವಾರಾಂತ್ಯದಲ್ಲಿ ಮುಗಿದವು. ನಗರ್ಸ್ಕಿ, ಮೆಕಾಫಿ, ಹಾಲಸ್, ಬಟ್ಕಸ್, ರೆಡ್ ಗ್ರೇಂಜ್ ಐವರೂ ಮರ್ಯಾದಸ್ಥರು. ಆಮೇಲೆ ತೂತಿನ ಅಂಕಿಗಳು. 4, 6, 9, 0ಗೆ ಒಂದೊಂದು, 8ಕ್ಕೆ ಎರಡು. ಎಣಿಸಿ ನೋಡಿದೆ. 14 ನಂಬರಿಗೆ ಸರಿಯಾಗಿ 14 ತೂತು! ಡಿಟ್ಕಾ ಒಬ್ಬರಿಗೇ ಮೂರು.

ಮೊದಲು ಕೂತದ್ದು ಗೇಲ್ ಸೇಯರ್ಸ್ ಅವರ 40ಕ್ಕೆ. 1965ರ ಡಿಸೆಂಬರಿನಲ್ಲಿ ಶಿಕಾಗೋದ ರಿಗ್ಲಿ ಫೀಲ್ಡ್ ಮೈದಾನದ ಕೆಸರಿನಲ್ಲಿ ಒಂದೇ ಪಂದ್ಯಕ್ಕೆ ಆರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವುದು) ಹೊಡೆದ ಮನುಷ್ಯ. ಅಂಥ ಕೆಸರಿನಲ್ಲಿ ಜಾರದವರ ನಾಲ್ಕು ನನ್ನ ಕೈಯಲ್ಲಿ ಜಾರುತ್ತಲೇ ಇತ್ತು. ಕಿತ್ತಳೆ ಗೆರೆ ಅಂಕಿಯ ಹೊರಗೂ ಬರಬೇಕು, ತೂತಿನ ಒಳಗೂ ಬರಬೇಕು. ಅಂದರೆ ಬಿಳಿಯಲ್ಲಿ ಒಂದು ತೂತು, ಕೆಳಗಿನ ಕಿತ್ತಳೆಯಲ್ಲಿ ಅದಕ್ಕಿಂತ ಚಿಕ್ಕದು. ಆ ಚಿಕ್ಕದು ಉದ್ದಿನವಡೆಯ ತೂತಿನಷ್ಟೇ, ಅದೂ ತ್ರಿಕೋನ. ಮೂಲೆಗೆ ಕತ್ತರಿ ಕೊಟ್ಟರೆ ನೂಲು ಬಿಚ್ಚುತ್ತದೆ. ಕೊಡದಿದ್ದರೆ ಮಡಿಕೆ ಕೂರುವುದಿಲ್ಲ. ಮೊದಲನೆಯದು ತೂತಿನ ಬದಲು ಹೊಕ್ಕಳಾಯಿತು. ಎರಡನೆಯದು ಮುಚ್ಚೇ ಹೋಯಿತು. ಮೂರನೆಯದಕ್ಕೆ ಇಸ್ತ್ರಿ ಒತ್ತಿದರೆ ಬಟ್ಟೆಗೆ ಬಟ್ಟೆ ಅಂಟಿಸುವ ತೆಳು ಅಂಟುಹಾಳೆ ಹಾಕಿದೆ. ಹಪ್ಪಳದಂತೆ ಗಟ್ಟಿಯಾಗಿ ಎರಡು ಸೂಜಿ ಮುರಿಯಿತು.

ಆಗ ಧಾರವಾಡದಿಂದ ದೊಡ್ಡಮ್ಮನ ವಿಡಿಯೋ ಕಾಲ್. ಗಂಡಸು ಕೌದಿ ಹೊಲಿಯುತ್ತಿದ್ದಾನೆ ಅಂತ ನೋಡಿ ನಗುವುದು ಅವಳ ದಿನದ ಮನರಂಜನೆ. ತೂತಿನ ಗೋಳು ತೋಡಿಕೊಂಡೆ. ಬಟ್ಟೆ ಹರಿದಿದೆ ಅಂದುಕೊಂಡಳು. "ತೂತು ಬಿದ್ದರ ಮ್ಯಾಲೊಂದು ತೇಪಿ ಹಚ್ಚೋ, ಅದಕ್ಯಾಕ ಇಷ್ಟು ಅಳ್ತಿ?"

ಫೋನ್ ಇಟ್ಟು ಐದು ನಿಮಿಷ ನಕ್ಕೆ. ಆಮೇಲೆ ನಗು ನಿಂತಿತು.

ತೂತು ಕತ್ತರಿಸುವುದೇ ಬೇಡ. ಕಿತ್ತಳೆಯ ನಾಲ್ಕು ಇಡಿಯಾಗಿ, ಮೇಲೆ ಬಿಳಿಯ ನಾಲ್ಕು ಇಡಿಯಾಗಿ. ಅದರ ಮೇಲೆ ಪುಟ್ಟ ಕಿತ್ತಳೆ ತ್ರಿಕೋನ. ಅದರ ಮೇಲೆ ಇನ್ನೂ ಪುಟ್ಟ ನೀಲಿ ತ್ರಿಕೋನ. ಒಳಬಾಗಿನ ಅಂಚು ಮಡಿಚುವ ಕಾಟವೇ ಇಲ್ಲ. ರಟ್ಟಿನ ಅಚ್ಚಿಟ್ಟು, ಗಂಜಿ ಸವರಿ, ಇಸ್ತ್ರಿ ಒತ್ತಿದರೆ ಮೂರು ಮೂಲೆಯೂ ದುಂಡಗೆ ಕೂತವು. ದೂರದಿಂದ ನೋಡಿದರೆ ಅಪ್ಪಟ ತೂತು.

ಆದರೆ ನೀಲಿ ಬಟ್ಟೆ ಖಾಲಿ. ಮೊದಲು ತಂದ ಅಂಗಡಿಯಿಂದಲೇ, ಅದೇ ಕೋಡ್ ಹೇಳಿ ಆನ್‌ಲೈನಿನಲ್ಲಿ ತರಿಸಿದೆ. ಬಂದದ್ದು ಬದನೆಕಾಯಿ ಬಣ್ಣ. ದೂರಿದರೆ "ನಿಮ್ಮ ಮಾನಿಟರ್ ಸೆಟ್ಟಿಂಗ್ ನೋಡಿ" ಅಂತ ಉತ್ತರ. ಬಟ್ಟೆ ನನ್ನ ತೊಡೆಯ ಮೇಲಿದೆ ಸ್ವಾಮಿ, ಮಾನಿಟರಿನಲ್ಲಿ ಅಲ್ಲ!

ಕೊನೆಗೆ ಚೌಕವನ್ನು ಮಗುಚಿ ಹಾಕಿದೆ. ಅಂಕಿಯ ಬೆನ್ನಿಗೆ ಅಡಗಿರುವ ನೀಲಿ ಹೇಗಿದ್ದರೂ ದಂಡ. ದಪ್ಪ ಕಡಿಮೆ ಮಾಡಲು ಅದನ್ನು ಕತ್ತರಿಸಿ ತೆಗೆಯಲೇಬೇಕು. ಹೊಲಿಗೆಯಿಂದ ಕಾಲು ಇಂಚು ಬಿಟ್ಟು ಕತ್ತರಿಸಿದೆ. ಅದೇ ತುಂಡನ್ನು ನೂಲಿನ ದಿಕ್ಕು ತಪ್ಪದಂತೆ ಮುಂದಕ್ಕೆ ತಂದು ತೂತು ಮಾಡಿದೆ. ಬಣ್ಣ ಒಂದು ಎಳೆಯೂ ಬೇರೆ ಇಲ್ಲ.

ಈಗ ಎರಡನೇ ಸಾಲು ನಡೆಯುತ್ತಿದೆ. 34, 40, 41, 42, ಸಾಲಿನ ತುಂಬಾ ನಾಲ್ಕುಗಳೇ. 40ರ ಸೇಯರ್ಸ್, 41ರ ಬ್ರಯಾನ್ ಪಿಕೊಲೊ ಇಬ್ಬರೂ ರೂಮ್‌ಮೇಟ್‌ಗಳು. ಪಿಕೊಲೊ 1970ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಬರೀ 26 ವರ್ಷ. ಅಂಕಿಯ ಕ್ರಮದಲ್ಲೇ ಇಬ್ಬರೂ ಪಕ್ಕಪಕ್ಕ ಬಂದಿದ್ದಾರೆ. ಬಾರದಿದ್ದರೆ ನಾನೇ ಕ್ರಮ ಕೆಡಿಸುತ್ತಿದ್ದೆ.

ಮುಂದಿನದು ಯಾವುದು ಅಂತ ಈಗಲೇ ತಲೆ ಓಡುತ್ತಿದೆ. ಡಲ್ಲಾಸ್ ಕೌಬಾಯ್ಸ್ ಕೌದಿ ಬಲು ಸುಲಭ, ಅವರು ಒಂದೂ ನಂಬರ್ ಎತ್ತಿಟ್ಟಿಲ್ಲ. ಬೇರ್ಸ್‌ನ ಬದ್ಧ ಎದುರಾಳಿ ಗ್ರೀನ್ ಬೇ ಪ್ಯಾಕರ್ಸ್‌ನದು 3, 4, 14, 15, 66, 92. ಐದೇ ತೂತು, ಆಸೆಯಾಗುತ್ತದೆ. ಆದರೆ ಬೇರ್ಸ್ ಊರಲ್ಲಿ ಕೂತು ಪ್ಯಾಕರ್ಸ್ ಕೌದಿ ಹೊಲಿದರೆ ಅದನ್ನು ಹೊದ್ದು ಗ್ಯಾರೇಜಿನಲ್ಲೇ ಮಲಗಬೇಕು.

ನಾಲ್ಕು ನಾಲ್ಕಲಿ ಹದಿನಾರು ಚೌಕ, ನಂಬರ್ ಹದಿನಾಲ್ಕು. ಒಂದು ಖಾಲಿ ಚೌಕಕ್ಕೆ ಜಿ.ಎಸ್.ಎಚ್. ಬೇರ್ಸ್ ಕಟ್ಟಿದ ಜಾರ್ಜ್ ಸ್ಟ್ಯಾನ್ಲಿ ಹಾಲಸ್ ತೀರಿಕೊಂಡ ಮೇಲೆ ತಂಡ ಜೆರ್ಸಿಯ ತೋಳಿನ ಮೇಲೆ ಹಾಕಿಕೊಂಡ ಅಕ್ಷರಗಳು. ಪುಣ್ಯಕ್ಕೆ ಇಂಗ್ಲಿಷಿನ ಆ ಮೂರಕ್ಕೂ ತೂತಿಲ್ಲ. ಇನ್ನೊಂದಕ್ಕೆ ದೊಡ್ಡಮ್ಮ ತನ್ನ ಹಳೆಯ ಇಳಕಲ್ ಸೀರೆಯ ತುಂಡು ಕೊರಿಯರ್ ಮಾಡಿದ್ದಾಳಂತೆ. ಯಾವ ಬಣ್ಣ ಅಂತ ಕೇಳಿದೆ.

ಹಸಿರು ಒಡಲು, ಹಳದಿ ಅಂಚು. ಥೇಟ್ ಪ್ಯಾಕರ್ಸ್.