ಹಳ್ಳಕ್ಕೆ ಟೇಪು ಹಿಡಿದ ದಿನ

ಮೇ ಕೊನೆಯ ಭಾನುವಾರ, ಬೆಳಿಗ್ಗೆ ಏಳಕ್ಕೇ ಹಳ್ಳಕ್ಕೆ ಇಳಿದದ್ದು. ಪುಣೆಯಲ್ಲಿ ಅಳತೆಗೆ ಇದೇ ಹದ. ಮಳೆ ಹಿಡಿದರೆ ತಳ ಕಾಣುವುದಿಲ್ಲ. ಕಾತ್ರಜ್ ಕಡೆಯ ಗುಡ್ಡದಿಂದ ಇಳಿಯುವ ಸಣ್ಣ ಹಳ್ಳ ಇದು. ಊರಿನವರು ಓಢಾ ಅನ್ನುತ್ತಾರೆ, ಕಚೇರಿ ಕಾಗದದಲ್ಲಿ ನಾಲಾ. ನಾಲಾ ಎಂದು ಬರೆದ ಮೇಲೆ ಗಟಾರದ ಹಾಗೆ ನೋಡುವುದು ಸಲೀಸು. ದಂಡೆಯ ಮೇಲೆ ಹೊಸ ಅಪಾರ್ಟ್‌ಮೆಂಟ್ ಏಳುತ್ತಿದೆ. ಅದರ ಪಕ್ಕ ಹಳ್ಳ ಮುಚ್ಚಿಹೋಗುತ್ತಿದೆ ಎಂದು ಅರ್ಜಿ ಕೊಡುವುದಕ್ಕೇ ಈ ಅಳತೆ.

ಬೇಕಾದದ್ದು 30 ಮೀಟರ್ ಟೇಪು, ನೈಲಾನ್ ದಾರ, ಗುರುತು ಹಾಕಿದ ಬಿದಿರುಕೋಲು, ಗಾರೆಯವರ ರಸಮಟ್ಟ. ದಂಡೆಯಿಂದ ದಂಡೆಗೆ ದಾರ ಕಟ್ಟಿ, ಮಟ್ಟ ನೋಡಿ, ಮೀಟರಿಗೊಮ್ಮೆ ಆಳ ಬರೆಯಬೇಕು. ದಾರ ಜೋತುಬಿದ್ದರೆ ನಡುವಿನ ಆಳ ಕಡಿಮೆ ಬರುತ್ತದೆ, ಎಲ್ಲರೂ ಎಡವುವುದು ಇಲ್ಲೇ. ಮೂವರು ಸಾಕು. ವಿಜಯಪುರದ ಕಡೆಯ ಹಿರಿಯರೊಬ್ಬರು ಕೋಲು ಹಿಡಿದು ನಿಂತು, "ತಮ್ಮಾ, ಇದು ತಳ ಅಲ್ಲೋ, ಇಟ್ಟಂಗಿ ತುಂಡು" ಅಂದರು. ಕೆದಕಿದರೆ ಅವರ ಮಾತೇ ನಿಜ: ಟೈಲ್ಸ್ ಚೂರು, ಮುರುಮ್ ಅನ್ನುವ ಗರಸು ಮಣ್ಣು, ಸಿಮೆಂಟ್ ಚೀಲ. ಇಲ್ಲಿಯವರು ರಾಡಾರೋಡಾ ಅನ್ನುವುದು ಇದಕ್ಕೇ.

ಕಟ್ಟಡಕ್ಕಿಂತ ಮೇಲೆ, ನೀರು ಬರುವ ಕಡೆ, ಹಳ್ಳದ ಬಾಯಿ (ಮೇಲಿನ ಅಗಲ) 9 ಮೀಟರ್, ತಳ 5, ಆಳ ಎರಡೂವರೆ. ಅಂದರೆ ನೀರು ಹೋಗುವ ಜಾಗ 17.5 ಚದರ ಮೀಟರ್. ಕಟ್ಟಡದ ಪಕ್ಕದಲ್ಲಿ ಬಾಯಿ 5, ತಳ 3, ಆಳ 1.6, ಒಟ್ಟು 6.4. ಮೂರನೇ ಒಂದು ಪಾಲು ಉಳಿಯಿತಲ್ಲ ಎಂದುಕೊಂಡರೆ ತಪ್ಪು. ಪಾತ್ರ ಕಿರಿದಾದಷ್ಟೂ ನೀರಿಗೆ ತಳ, ದಂಡೆಗಳ ಉಜ್ಜಾಟ ಹೆಚ್ಚಿ ವೇಗವೂ ಇಳಿಯುತ್ತದೆ. ಇಳಿಜಾರು ಅಷ್ಟೇ ಇದ್ದರೂ ಹರಿಯುವುದು ಕಾಲು ಭಾಗ ಮಾತ್ರ. ಅದಕ್ಕಿಂತ ಕೆಟ್ಟದ್ದು ಲಾರಿ ದಾಟಲು ಹಾಕಿದ "ತಾತ್ಕಾಲಿಕ" ರಸ್ತೆ. ಅದರ ಕೆಳಗೆ 900 ಮಿಲಿಮೀಟರಿನ ಎರಡು ಹ್ಯೂಮ್ ಪೈಪು (ಕಾಂಕ್ರೀಟ್ ಕೊಳವೆ), ಎರಡೂ ಸೇರಿ 1.27 ಚದರ ಮೀಟರ್. ಒಂದು ಹಾಸಿಗೆ ತೇಲಿಬಂದರೆ ಮುಗಿಯಿತು.

ಮೇಲೆ ಗುಡ್ಡ ಕಡಿದು ಕಾಂಕ್ರೀಟು ಹಾಕಿದ ಒಂದು ಹೆಕ್ಟೇರಿಗೆ 50 ಮಿಲಿಮೀಟರ್ ಮಳೆ ಬಿದ್ದರೆ 5 ಲಕ್ಷ ಲೀಟರ್. ಕುರುಚಲು ಕಾಡಿದ್ದಾಗ ಇದರಲ್ಲೊಂದಿಷ್ಟು ನೆಲ ಕುಡಿಯುತ್ತಿತ್ತು. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಉಕ್ಕಿ ಜನ ಸತ್ತದ್ದು ಈ ಭಾಗದಲ್ಲಿ ಯಾರಿಗೂ ಮರೆತಿಲ್ಲ. ಪರವಾನಗಿ ಕೊಡುವ ಮೇಜಿನ ತನಕ ಆ ನೆನಪು ಹೋದಂತಿಲ್ಲ.

ಅರ್ಜಿಗೆ ಮೊದಲು ಕಾಗದ ನೋಡಬೇಕು. ಮಂಜೂರಾದ ನಕ್ಷೆ ಮಹಾರೇರಾ, ಅಂದರೆ ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ದಾಟಿದ್ದರೆ ಪರಿಸರ ಅನುಮತಿ ಪತ್ರವೂ, ಆರು ತಿಂಗಳಿಗೊಮ್ಮೆ ಬಿಲ್ಡರ್ ಕೊಡಬೇಕಾದ ಪಾಲನಾ ವರದಿಯೂ ಇರಬೇಕು. ಸಾತ್‌ಬಾರಾ, ಅಂದರೆ ನಮ್ಮ ಪಹಣಿಯಿಂದ ಗಟ್ ನಂಬರು (ಜಮೀನಿನ ನಂಬರು) ತೆಗೆದಿಟ್ಟುಕೊಳ್ಳಿ. ಗುಡ್ಡದ ಮುರುಮ್ ಅಗೆತ ತಹಶೀಲ್ದಾರರಿಗೆ, ಹಳ್ಳ ಮುಚ್ಚಿದ್ದು ಪಾಲಿಕೆಗೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಅದು ಮೇಜಿಂದ ಮೇಜಿಗೆ ಸುತ್ತುತ್ತದೆ.

ಅರ್ಜಿ ಕೊಟ್ಟು ನಾಲ್ಕು ದಿನ ಬಿಟ್ಟು ಪಾಲಿಕೆಯ ಎಂಜಿನಿಯರ್ ಬಂದರು. ಸೇತುವೆ ಮೇಲಿಂದ ಎರಡು ಫೋಟೋ ತೆಗೆದು, ಪಂಚನಾಮೆಯಲ್ಲಿ "ಸ್ವಲ್ಪ ರಾಡಾರೋಡಾ ಇದೆ" ಎಂದು ಬರೆಯಲು ಹೊರಟರು. "ಸ್ವಲ್ಪ" ಎಂದರೆ ಒಂದು ಬುಟ್ಟಿಯೂ ಆಗಬಹುದು. ಟೇಪು ಬಿಚ್ಚಿ ಅವರೆದುರೇ ಮತ್ತೆ ಅಳೆದದ್ದಾಯಿತು; ಮುಚ್ಚಿದ ಉದ್ದ 60 ಮೀಟರ್, ಎರಡು ಕಡೆಯ ವ್ಯತ್ಯಾಸ 11.1 ಚದರ ಮೀಟರ್, ತುಂಬಿದ್ದು ಸುಮಾರು 665 ಘನ ಮೀಟರ್ ಎಂದು ಬರೆಸಿ, ಪ್ರತಿ ಪಡೆದದ್ದೂ ಆಯಿತು.

ಮರುವಾರ ಜೆಸಿಬಿ ಬಂತು. ಎತ್ತಿದ್ದರಲ್ಲಿ ಹೆಚ್ಚಿನದು ದಂಡೆಯ ಮೇಲೇ ಬಿತ್ತು. ಡಂಪರ್ ಒಂದು ಟ್ರಿಪ್ಪಿಗೆ 12 ಘನ ಮೀಟರ್ ಒಯ್ದರೂ 56 ಟ್ರಿಪ್ ಬೇಕು, ಅಗೆದ ಮಣ್ಣು ಸಡಿಲಾಗಿ ಉಬ್ಬುವುದರಿಂದ ಇನ್ನೂ ಹೆಚ್ಚು. ಸಂಜೆಯೊಳಗೆ ಗೇಟು ದಾಟಿ ಹೋದದ್ದು ಏಳು. ಎರಡನೇ ಅರ್ಜಿಯಲ್ಲಿ ಆ ಏಳು ಟ್ರಿಪ್ಪಿನ ಗಾಡಿ ನಂಬರು ಬರೆದು, ಉಳಿದ 49 ಟ್ರಿಪ್ ಎಲ್ಲಿ ಎಂದು ಕೇಳಿದೆ. ಪೈಪುಗಳು ಇದ್ದಲ್ಲೇ ಇವೆ.