ಆರಂಭ ಕಿರಿಯರಿಗೆ, ಕೊನೆಯ ಇಪ್ಪತ್ತು ನಿಮಿಷ ಹಿರಿಯರಿಗೆ

ಫುಟ್‌ಬಾಲ್ ತಂಡ ಕಟ್ಟುವ ಮಾತು ಬಂದಾಗ ಅನುಭವಿಗಳು ಎಷ್ಟು ಮಂದಿ, ಹೊಸಬರು ಎಷ್ಟು ಮಂದಿ ಎಂಬ ಲೆಕ್ಕದಲ್ಲೇ ಚರ್ಚೆ ಮುಗಿದುಹೋಗುತ್ತದೆ. ಬೆಂಗಳೂರು ಎಫ್‌ಸಿಯ ಆಟವನ್ನು ವರ್ಷಗಳಿಂದ ನೋಡುತ್ತ ಬಂದಿರುವ ನನಗೆ ಅದಕ್ಕಿಂತ ಮುಖ್ಯವೆನಿಸುವುದು, ಪಂದ್ಯದ ತೊಂಬತ್ತು ನಿಮಿಷಗಳನ್ನು ಇವರಿಬ್ಬರ ನಡುವೆ ಹೇಗೆ ಹಂಚುತ್ತಾರೆ ಎಂಬುದು. ಹೆಸರು ಮಾಡಿದ ಹಿರಿಯರು ಪಂದ್ಯ ಆರಂಭಿಸಬೇಕು, ಫಲಿತಾಂಶ ಹೆಚ್ಚುಕಡಿಮೆ ಖಚಿತವಾದ ಮೇಲೆ ಹುಡುಗರಿಗೆ ಹತ್ತು ನಿಮಿಷ ಕೊಡಬೇಕು ಎಂಬುದು ನಮ್ಮಲ್ಲಿ ಬೇರೂರಿರುವ ರೂಢಿ. ಅದು ತಿರುಗುಮುರುಗಾಗಬೇಕು.

2022–23ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಋತುವಿನಲ್ಲಿ ಬೆಂಗಳೂರಿನ ತರಬೇತುದಾರ ಸೈಮನ್ ಗ್ರೇಸನ್ ಅದನ್ನೇ ಮಾಡಿ ತೋರಿಸಿದರು. ಫಿಜಿ ದೇಶದ ಸ್ಟ್ರೈಕರ್ ರಾಯ್ ಕೃಷ್ಣ ಅವರ ಜೊತೆ ಮುಂಚೂಣಿಯಲ್ಲಿ ಪಂದ್ಯ ಆರಂಭಿಸಿದ್ದು 21 ವರ್ಷದ ಶಿವಶಕ್ತಿ ನಾರಾಯಣನ್; ಭಾರತ ತಂಡದ ನಾಯಕರೇ ಆಗಿದ್ದ 38ರ ಸುನಿಲ್ ಚೆಟ್ರಿ ಬೆಂಚಿನಲ್ಲಿ ಕುಳಿತರು. ತಂಡ ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದು ನಾಕೌಟ್ ತಲುಪಿತು. ಅಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಬದಲಿಯಾಗಿ ಬಂದ ಚೆಟ್ರಿ, ಹೆಚ್ಚುವರಿ ಅವಧಿಯಲ್ಲಿ, ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದರು. ಆ ಗೋಲಿನ ಸುತ್ತ ಎದ್ದ ವಿವಾದ ಬೇರೆ ಮಾತು. ನಾಲ್ಕು ದಿನಗಳ ನಂತರ, ಎರಡು ಚರಣಗಳಲ್ಲಿ (ಎರಡು ಪಂದ್ಯಗಳಲ್ಲಿ) ನಡೆಯುವ ಸೆಮಿಫೈನಲ್‌ನ ಮೊದಲ ಚರಣದಲ್ಲೂ ಬದಲಿಯಾಗಿಯೇ ಬಂದು, ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆಕೊಟ್ಟು ಮುಂಬೈ ಸಿಟಿಯನ್ನು 1–0ಯಿಂದ ಮಣಿಸಿದರು.

ಇದರ ಹಿಂದೆ ಸರಳವಾದ ಕಾರಣವಿದೆ. ಮೊದಲ ಒಂದು ಗಂಟೆಯಲ್ಲಿ ಎದುರಾಳಿ ರಕ್ಷಣಾ ಆಟಗಾರರ ಕಾಲಿನಲ್ಲಿ ಕಸುವಿರುತ್ತದೆ. ಅವರ ಬೆನ್ನ ಹಿಂದಿನ ಜಾಗಕ್ಕೆ ಮತ್ತೆ ಮತ್ತೆ ಓಡಿ, ಚೆಂಡು ಸಿಗಲಿ ಬಿಡಲಿ, ಅವರನ್ನು ದಣಿಸುವ ಕೆಲಸಕ್ಕೆ ಎಳೆಯ ಕಾಲುಗಳೇ ಬೇಕು. ದಣಿದವರ ನಡುವೆ ಸಣ್ಣ ಸಣ್ಣ ತೆರವುಗಳು ಕಾಣಿಸಿಕೊಳ್ಳುವ ಕೊನೆಯ ಹಂತದಲ್ಲಿ ಬೇಕಾಗುವುದು ಓಟಕ್ಕಿಂತ ಹೆಚ್ಚಾಗಿ, ಎಲ್ಲಿ ನಿಲ್ಲಬೇಕು ಮತ್ತು ಯಾವ ಕ್ಷಣದಲ್ಲಿ ಕದಲಬೇಕು ಎಂಬ ತಿಳಿವು. ಎತ್ತರದ ಆಳಲ್ಲದ ಚೆಟ್ರಿ ಅಷ್ಟೊಂದು ಗೋಲುಗಳನ್ನು ತಲೆಯಿಂದ ಗಳಿಸಿರುವುದು ಆ ತಿಳಿವಿನಿಂದಲೇ. 2025ರ ಏಪ್ರಿಲ್‌ನಲ್ಲಿ ಎಫ್‌ಸಿ ಗೋವಾ ವಿರುದ್ಧದ ಸೆಮಿಫೈನಲ್‌ನ ಎರಡನೇ ಚರಣದಲ್ಲಿ ಇದು ಇನ್ನೊಮ್ಮೆ ಕಂಡಿತು. ಎರಡೂ ಚರಣಗಳ ಒಟ್ಟು ಗೋಲುಗಳು 2–2ರಲ್ಲಿ ಸಮವಾಗಿ, ಪಂದ್ಯ ಹೆಚ್ಚುವರಿ ಅವಧಿಗೆ ಹೋಗುವುದೇ ಸರಿ ಎನ್ನುವಾಗ, ನಾಮ್‌ಗ್ಯಾಲ್ ಭುಟಿಯಾ ಬದಿಯಿಂದ ತೇಲಿಸಿದ ಚೆಂಡನ್ನು ಬದಲಿ ಆಟಗಾರ ಚೆಟ್ರಿ ತಲೆಯಿಂದ ಗುರಿ ಸೇರಿಸಿದರು. ಆಗ ಅವರಿಗೆ 40 ವರ್ಷ.

ಅದೇ ಋತುವಿನಲ್ಲಿ ಅವರು ಮೊದಲಿನಿಂದಲೇ ಆಡಿ ಕೇರಳದ ವಿರುದ್ಧ ಹ್ಯಾಟ್ರಿಕ್ ಗಳಿಸಿದ್ದೂ, ಒಟ್ಟು 14 ಗೋಲುಗಳೊಂದಿಗೆ ಭಾರತೀಯರಲ್ಲಿ ಅಗ್ರಸ್ಥಾನ ಪಡೆದಿದ್ದೂ ನಿಜ. ಅಂಥ ಆಟಗಾರನನ್ನು ಬೆಂಚಿನಲ್ಲಿ ಕೂರಿಸುವುದು ಯಾವ ತರಬೇತುದಾರನಿಗೂ ಕಷ್ಟ, ಅಭಿಮಾನಿಯಾದ ನನಗೂ ಅದನ್ನು ನೋಡುವುದು ಕಷ್ಟ. ಆದರೆ ಆ ಋತುವಿನ ಮೊದಲ ಪಂದ್ಯದಲ್ಲಿ, ಕಂಠೀರವ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಏಕೈಕ ಗೋಲು ಬಂದದ್ದು 19ರ ವಿನೀತ್ ವೆಂಕಟೇಶ್ ಅವರಿಂದ, ಅದೂ ಪಂದ್ಯದ 25ನೇ ನಿಮಿಷದಲ್ಲಿ. ಕೊನೆಯ ಹತ್ತು ನಿಮಿಷಕ್ಕಷ್ಟೇ ಇಳಿಸಿದ್ದರೆ ಆ ಗೋಲು ಹುಟ್ಟುತ್ತಲೇ ಇರಲಿಲ್ಲ.

ಐಎಸ್‌ಎಲ್‌ನಲ್ಲಿ ಕಣಕ್ಕಿಳಿಯುವ ಹನ್ನೊಂದು ಮಂದಿಯಲ್ಲಿ ವಿದೇಶಿಯರು ನಾಲ್ವರೇ ಇರಬಹುದಾದರೂ, ಕ್ಲಬ್‌ಗಳು ಅವರನ್ನು ಬಹುಪಾಲು ಗೋಲು ಗಳಿಸುವ ಜಾಗಗಳಿಗೇ ತರುತ್ತವೆ. ಉಳಿದ ಒಂದೆರಡು ಜಾಗಗಳನ್ನೂ ಹಿರಿಯರಿಗೇ ಕೊಟ್ಟರೆ ಭಾರತೀಯ ಸ್ಟ್ರೈಕರ್ ಬೆಳೆಯುವುದಾದರೂ ಎಲ್ಲಿ? 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದ್ದ ಚೆಟ್ರಿಯವರನ್ನು ಒಂಬತ್ತೇ ತಿಂಗಳಲ್ಲಿ ರಾಷ್ಟ್ರೀಯ ತಂಡಕ್ಕೆ ಮರಳಿ ಕರೆಯಬೇಕಾಯಿತು, ಮರಳಿದ ಮೊದಲ ಪಂದ್ಯದಲ್ಲೇ ಮಾಲ್ದೀವ್ಸ್ ವಿರುದ್ಧ ಅವರು ಗೋಲನ್ನೂ ಹೊಡೆದರು. ಅವರ ಬಗ್ಗೆ ನನಗೆ ಹೆಮ್ಮೆಯಿದೆ, ನಮ್ಮ ಕ್ಲಬ್‌ಗಳ ಬಗ್ಗೆ ಚಿಂತೆಯಿದೆ. ಲೀಗ್ ಆರಂಭವಾದಂದಿನಿಂದ 2024–25ರ ಋತುವಿನವರೆಗೂ ಕೊನೆಯ ಸ್ಥಾನಕ್ಕೆ ಕುಸಿದ ತಂಡ ಕೂಡ ಕೆಳಗಿನ ಲೀಗ್‌ಗೆ ಇಳಿಯಬೇಕಾಗಿ ಬಂದದ್ದಿಲ್ಲ. ಹಾಗಿರುವಾಗ ಇಪ್ಪತ್ತರ ಹುಡುಗನೊಬ್ಬನನ್ನು ಒಂದು ಇಡೀ ಋತು ಮೊದಲ ಹನ್ನೊಂದರಲ್ಲಿ ಆಡಿಸಲು ಹಿಂಜರಿಯುವುದಕ್ಕೆ ತಕ್ಕ ಕಾರಣ ನನಗಂತೂ ಕಾಣುತ್ತಿಲ್ಲ.