ಇಪ್ಪತ್ತೇಳನೆಯ ನಾಣ್ಯ

ಬ್ಯಾಂಕಿನಲ್ಲಿ ಒಡವೆ ಸಾಲದ ಮೇಜಿನ ಮುಂದೆ ಮೂವತ್ತೊಂದು ವರ್ಷ ಕೂತವನು ನಾನು. ಕಾಸಿನ ಸರ ಅಡವಿಡಲು ಬಂದವರ ಎದುರು ಒಂದೊಂದೇ ಕಾಸನ್ನು ತಿರುವಿ, ವಿಕ್ಟೋರಿಯಾ ರಾಣಿಯ ಮೂಗು ಕೊರಳಲ್ಲಿ ಉಜ್ಜಿ ಸವೆದದ್ದೋ, ನಕಲಿ ಅಚ್ಚಿನಲ್ಲಿ ಮೊದಲಿಗೇ ಮೂಡದೇ ಹೋದದ್ದೋ ಎಂದು ಹೇಳುವುದೇ ನನ್ನ ವಿದ್ಯೆ. ನಿವೃತ್ತನಾದ ಮೇಲೆ ಆ ಭೂತಗನ್ನಡಿ ದೇವರ ಗೂಡಿನ ಪಕ್ಕ ಸುಮ್ಮನೆ ಬಿದ್ದಿತ್ತು. ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ನಾನೂ ಹಾಗೆಯೇ ಬಿದ್ದಿದ್ದೆ.

ಆಗ ಫೋನು ಮಾಡಿದವಳು ಅಕ್ಕನ ಮಗಳು. ಅವಳು ಯುರೋಪಿನ ಒಂದು ವಸ್ತುಸಂಗ್ರಹಾಲಯದಲ್ಲಿ ಹಳೆಯ ಲೋಹದ ವಸ್ತುಗಳನ್ನು ಶುಚಿ ಮಾಡುವ ಕೆಲಸ ಕಲಿಯುತ್ತಿದ್ದಾಳೆ. ನೂರು ವರ್ಷಗಳ ಹಿಂದೆ ಈಜಿಪ್ಟಿನಿಂದ ಬಂದು ಯಾವುದೋ ಡ್ರಾಯರಿನಲ್ಲಿ ಉಳಿದ ಒಂದು ನಿಧಿ ಅವಳ ಪಾಲಿಗೆ ಬಂದಿತ್ತು. ಒಂದೇ ಮಡಕೆಯಲ್ಲಿದ್ದ ಮೂವತ್ತೆರಡು ನಾಣ್ಯಗಳು. "ಮಾಮಾ, ನಿಮ್ಮ ಕಣ್ಣು ಬೇಕು" ಎಂದಳು. ಗ್ರೀಕ್ ಓದಲು ಬರುವುದಿಲ್ಲ ಎಂದೆ. ಇಪ್ಪತ್ತನಾಲ್ಕೇ ಅಕ್ಷರ ಎಂದಳು. ನಲವತ್ತೊಂಬತ್ತು ಅಕ್ಷರ ಕಲಿತವನಿಗೆ ಅದೇನು ಲೆಕ್ಕ!

ರೋಮನ್ ನಾಣ್ಯ ಎಂದರೆ ನನ್ನ ತಲೆಯಲ್ಲಿ ಇದ್ದದ್ದು ಬೆಳ್ಳಿಯ ಡಿನೇರಿಯಸ್: ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಂಥದ್ದು, 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕಂಥದ್ದು, ಅಗಸ್ಟಸ್ ಮತ್ತು ಟೈಬೀರಿಯಸ್‌ರ ಕಾಲದ್ದು. ಇವು ಬೇರೆ. ಸಾಮ್ರಾಜ್ಯದ ಪೂರ್ವದ ಪ್ರಾಂತ್ಯಗಳಲ್ಲಿ ಊರೂರಿನ ಟಂಕಸಾಲೆಗಳು ಸ್ಥಳೀಯ ಚಲಾವಣೆಗೆಂದು ಗ್ರೀಕ್ ಅಕ್ಷರಗಳಲ್ಲಿ ಹೊಡೆದ ನಾಣ್ಯಗಳು. ಎಷ್ಟೋ ಊರುಗಳು ತಮ್ಮ ಹೆಸರನ್ನು ಷಷ್ಠೀ ವಿಭಕ್ತಿಯಲ್ಲಿ ಬರೆಯುತ್ತಿದ್ದವು. 'ಎಫೆಸಿಯೋನ್' ಎಂದರೆ ಎಫೆಸಸ್‌ನವರದ್ದು. ಇದನ್ನು ಕೇಳಿದಾಗ ನನಗೆ ಮಸ್ಕಿಯ ಬಂಡೆ ನೆನಪಾಯಿತು. 1915ರಲ್ಲಿ ಸಿಕ್ಕ ಆ ಶಾಸನವೂ 'ದೇವಾನಂಪಿಯಸ ಅಸೋಕಸ' ಎಂದೇ, ಅಶೋಕನದ್ದು ಎಂದೇ ಶುರುವಾಗುತ್ತದೆ.

ಆದರೆ ನಮ್ಮ ಮಡಕೆಯ ನಾಣ್ಯಗಳಲ್ಲಿ ಊರಿನ ಹೆಸರೇ ಇರಲಿಲ್ಲ. ಇವು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಟಂಕಸಾಲೆಯವು, ಅಲ್ಲಿಯವರು ಅದನ್ನು ಬರೆಯುವ ಗೋಜಿಗೆ ಹೋಗಲಿಲ್ಲ. ಗುರುತು ಹಿಡಿಯುವುದು ಬೇರೆ ರೀತಿ: ದಪ್ಪ ಬಿಲ್ಲೆ, ಅಂಚು ಒರಟು, ಹಿಮ್ಮುಖದಲ್ಲಿ ಹೆಚ್ಚಾಗಿ ಕೊಕ್ಕಿನಲ್ಲಿ ಮಾಲೆ ಕಚ್ಚಿದ ಹದ್ದು, ಜೊತೆಗೆ ಇಂಗ್ಲಿಷಿನ ಎಲ್ ಅಕ್ಷರದಂತಹ ಗುರುತು. ಅದು 'ವರ್ಷ' ಎಂಬುದರ ಸಂಕೇತ. ಅದರ ಮುಂದಿನ ಅಕ್ಷರವೇ ಅಂಕಿ: ಆಲ್ಫಾ ಒಂದು, ಬೀಟಾ ಎರಡು. ಅಕ್ಷರಗಳಲ್ಲಿ ಅಂಕಿ ಬರೆಯುವ ನಮ್ಮ ಕಟಪಯಾದಿ ಬಲ್ಲವರಿಗೆ ಇದು ಮಕ್ಕಳಾಟ. ಚಕ್ರವರ್ತಿ ಪಟ್ಟಕ್ಕೆ ಬಂದ ಎಷ್ಟನೆಯ ವರ್ಷ ಎಂಬುದು ಹೀಗೆ ಸಿಗುತ್ತದೆ. ಹೊಸ ವರ್ಷ ಆಗಸ್ಟ್ 29ರ ಸುಮಾರಿಗೆ ಬರುತ್ತಿದ್ದುದರಿಂದ ಬೇಸಿಗೆಯ ಕೊನೆಯಲ್ಲಿ ಪಟ್ಟವೇರಿದವನಿಗೆ ಕೆಲವೇ ವಾರಗಳಲ್ಲಿ ಎರಡನೆಯ ವರ್ಷ ನಡೆಯುತ್ತಿತ್ತು.

ಎರಡು ನಾಣ್ಯಗಳಲ್ಲಿ ಹದ್ದೇ ಇರಲಿಲ್ಲ. ಎರಡೂ ಕಡೆ ತಲೆ! ಒಂದು ಕಡೆ ಗಡ್ಡದ ರೋಮನ್ ಚಕ್ರವರ್ತಿ ಆರೇಲಿಯನ್, ವರ್ಷ ಒಂದು. ಇನ್ನೊಂದು ಕಡೆ ಗಡ್ಡ ಬಾರದ ಹುಡುಗ, ವರ್ಷ ನಾಲ್ಕು. ಅವನು ಸಿರಿಯಾದ ಪಾಲ್ಮೈರಾದ ರಾಣಿ ಜೆನೋಬಿಯಾಳ ಮಗ ವಬಲ್ಲಾಥಸ್. ಕ್ರಿ.ಶ. 270ರಲ್ಲಿ ಅವಳ ಸೇನೆ ಈಜಿಪ್ಟನ್ನು ಹಿಡಿದಾಗ ಚಕ್ರವರ್ತಿಯ ಹೆಸರನ್ನು ಅಳಿಸುವ ಧೈರ್ಯ ಸಾಲದೆ ಇಬ್ಬರ ಮುಖವನ್ನೂ ಹಾಕಿಸಿದರು. ಜಂಟಿ ಖಾತೆ. ಇಂತಹ ಖಾತೆಗಳು ಹೇಗೆ ಮುಗಿಯುತ್ತವೆಂದು ಬ್ಯಾಂಕಿನವನಿಗೆ ಹೇಳಬೇಕಿಲ್ಲ. 272ರಲ್ಲಿ ಆರೇಲಿಯನ್ ಪಾಲ್ಮೈರಾವನ್ನು ಸೋಲಿಸಿದ.

ಕಿರಿಕಿರಿ ಮಾಡಿದ್ದು ಇಪ್ಪತ್ತೇಳನೆಯದು. ತೂಕ ಏಳೂಮುಕ್ಕಾಲು ಗ್ರಾಂ, ಹೆಚ್ಚುಕಡಿಮೆ ನಮ್ಮ ಒಂದು ಪವನು. ಮುಮ್ಮುಖದ ಸುತ್ತಕ್ಷರ ಅರ್ಧ ಜಾರಿದೆ. ಬಾಗಿಲಿನ ಚೌಕಟ್ಟಿನಂತಹ ಪೈ, ಇಂಗ್ಲಿಷಿನ ಪಿಯಂತೆ ಕಂಡರೂ 'ರ' ಎನ್ನುವ ರೋ, ಕೊನೆಗೆ ಸಿ ಆಕಾರದ ಸಿಗ್ಮಾ. 'ಪ್ರೋಬೋಸ್', ಅಂದರೆ ಚಕ್ರವರ್ತಿ ಪ್ರೋಬಸ್. ಹದ್ದಿನ ಪಕ್ಕ ಎಲ್, ಅದರ ಮುಂದೆ ನಡುವೆ ಗೆರೆಯಿದ್ದ ದುಂಡನೆಯ ಅಕ್ಷರ. ತೀಟಾ ಎಂದೆ, ಒಂಬತ್ತು.

ಇಡೀ ರಾತ್ರಿ ಹೆಮ್ಮೆಯಿಂದ ಮಲಗಿದೆ. ಬೆಳಿಗ್ಗೆ ಅವಳ ಸಂದೇಶ: "ಮಾಮಾ, ಪ್ರೋಬಸ್ ಎಂಟನೆಯ ವರ್ಷದ ಆರಂಭದಲ್ಲೇ, 282ರಲ್ಲಿ, ಕೊಲೆಯಾದ. ಸತ್ತ ಮೇಲೆ ನಾಣ್ಯ ಹೊಡೆಸಿದನೇ?" ಸಾಲದ್ದಕ್ಕೆ ಇನ್ನೊಂದು ಪಾಠ. ಚಕ್ರವರ್ತಿ ಹೇಡ್ರಿಯನ್ ಕಾಲದ ಅಲೆಕ್ಸಾಂಡ್ರಿಯಾದಲ್ಲಿ ಒಂಬತ್ತನೆಯ ವರ್ಷವನ್ನು 'ಎನಾಟು' ಎಂದು ಪೂರ್ತಿ ಪದದಲ್ಲೇ ಬರೆಯುತ್ತಿದ್ದರಂತೆ, ತೀಟಾ ಸಾವನ್ನು ಸೂಚಿಸುವ 'ಥಾನಟೋಸ್' ಪದದ ಮೊದಲಕ್ಷರವೆಂದು. ಮದುವೆಯ ಆಯೇರಿಗೆ ನೂರು ಬರೆಸದೆ ನೂರಾ ಒಂದು ಬರೆಸುವ ನಾವು ನಗುವ ಹಾಗಿಲ್ಲ.

ಸೋಲೊಪ್ಪುವ ಜಾಯಮಾನ ನನ್ನದಲ್ಲ. ಮೇಲಿನ ದೀಪ ಆರಿಸಿ, ಟಾರ್ಚನ್ನು ನಾಣ್ಯದ ಮಟ್ಟಕ್ಕೆ ಓರೆಯಾಗಿ ಹಿಡಿದು ನಾಲ್ಕೂ ದಿಕ್ಕಿನಿಂದ ಚಿತ್ರ ತೆಗೆಯವ್ವಾ ಎಂದೆ. ಸವೆದ ಮುದ್ರೆ ಓದಲು ಕೌಂಟರಿನಲ್ಲಿ ನಾನು ಮಾಡುತ್ತಿದ್ದುದೂ ಅದನ್ನೇ. ಮೂರನೆಯ ಚಿತ್ರದಲ್ಲಿ, ಬೆಳಕು ಎಡದಿಂದ ಬಿದ್ದಾಗ, ಅಕ್ಷರದ ಬಲ ಅಂಚು ಮಾತ್ರ ಉಳಿದ ಗೆರೆಗಿಂತ ಎತ್ತರವಾಗಿ ನೆರಳು ಚೆಲ್ಲಿತು. ಅದು ಅಚ್ಚಿನ ಗೆರೆಯಲ್ಲ, ಹಸಿರು ಕಿಲುಬಿನ ಗಂಟು. ಅದನ್ನು ಕಣ್ಣಿನಿಂದ ತೆಗೆದುಹಾಕಿದರೆ ವೃತ್ತ ಬಲಕ್ಕೆ ಬಾಯಿ ತೆರೆಯಿತು. ದುಂಡು ಎಪ್ಸಿಲಾನ್. ಐದು.

ಐದನೆಯ ವರ್ಷವೆಂದರೆ 279–80. ಮಡಕೆಯ ಅತಿ ಹೊಸ ನಾಣ್ಯ ಇದೇ ಆದ್ದರಿಂದ ಅದನ್ನು ಹೂತದ್ದು ಅದಕ್ಕಿಂತ ಮೊದಲಲ್ಲ. ನನ್ನ ಒಂದು ಕಿಲುಬಿನ ಗಂಟು ಅದನ್ನು ನಾಲ್ಕು ವರ್ಷ ಮುಂದಕ್ಕೆ ತಳ್ಳುವುದರಲ್ಲಿತ್ತು.

ಮೆಣಸಿಗೆ ಬರುವ ಹಡಗು ಹೊರಡುತ್ತಿದ್ದದ್ದು ಈಜಿಪ್ಟಿನ ಬಂದರುಗಳಿಂದಲೇ ಅಲ್ಲವೇ, ಆ ನಾಣ್ಯ ನಮ್ಮ ಕಡೆ ಯಾಕೆ ಸಿಗುವುದಿಲ್ಲ ಎಂದು ಅವಳು ಕೇಳಿದಳು. ಈಜಿಪ್ಟಿನ ನಾಣ್ಯ ಈಜಿಪ್ಟಿನೊಳಗೇ ಓಡಬೇಕೆಂಬ ವ್ಯವಸ್ಥೆ ಇತ್ತು, ಅದು ಅವಳಿಗೂ ಗೊತ್ತು. ನಾನು ಹೇಳಿದ್ದು ಪೇಟೆಯ ಉತ್ತರ: ಬೆಳ್ಳಿಯ ಹೆಸರಿನಲ್ಲಿ ತಾಮ್ರ ತುಂಬಿದ ಬಿಲ್ಲೆಯನ್ನು ಒರೆಗಲ್ಲು ಇಟ್ಟುಕೊಂಡ ಯಾವ ಸೆಟ್ಟಿ ಮುಟ್ಟುತ್ತಾನೆ?

ಇಷ್ಟೆಲ್ಲ ಮಾತು ಕೇಳುತ್ತ ನನ್ನ ಹೆಂಡತಿ ಶೇಂಗಾ ಸುಲಿಯುತ್ತಿದ್ದಳು. "ಹೂತಿಟ್ಟವನು ತಿರುಗಿ ಬಂದನಂತೇನು?" ಎಂದಳು.

ಬಂದಿದ್ದರೆ ಮಡಕೆ ಖಾಲಿ ಇರುತ್ತಿತ್ತು ಎಂದೆ. ಅವಳು ಮೊರವನ್ನು ನನ್ನ ಕಡೆ ಸರಿಸಿದಳು, ನಾನೂ ಸುಲಿಯತೊಡಗಿದೆ.